ಕ್ರೇನ್ ಕೆಲಸಕ್ಕೆ ಕೆಲಸಗಾರನ ಹೆಸರಲ್ಲೇ ಲೈಸೆನ್ಸ್ ಬೇಕೆ? ಪರ-ವಿರೋಧ

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. 13 ಹಳೆಯ ಕಾಯ್ದೆಗಳು ಅದರಲ್ಲಿ ಸೇರಿಹೋದವು. ಮೊದಲು 20 ಆಳುಗಳಿದ್ದರೆ ಗುತ್ತಿಗೆದಾರ ಲೈಸೆನ್ಸ್ ಪಡೆಯಬೇಕಿತ್ತು, ಈಗ ಆ ಮಿತಿ 50. ಒಮ್ಮೆ ಪಡೆದರೆ 5 ವರ್ಷ ಚಿಂತೆಯಿಲ್ಲ. ಕ್ರೇನ್ ನಡೆಸುವವನ ಹೆಸರಿಗೆ, ಹೊರೆ ಕಟ್ಟುವವನ ಹೆಸರಿಗೆ ಮಾತ್ರ ಆಗಲೂ ಲೈಸೆನ್ಸ್ ಇರಲಿಲ್ಲ, ಈಗಲೂ ಇಲ್ಲ. ಇರಬೇಕೆ?

ಪರ: ಕಾಗದಕ್ಕಲ್ಲ, ಕೈಗೆ ಪರೀಕ್ಷೆ ಆಗಲಿ

ನಮ್ಮಲ್ಲಿ ಬಾಯ್ಲರ್ ನೋಡಿಕೊಳ್ಳುವವನಿಗೆ ಪ್ರಮಾಣಪತ್ರ ಬೇಕು. ಗಣಿಯಲ್ಲಿ ಸಿಡಿಮದ್ದು ಇಡುವವನಿಗೆ ಬೇಕು. ಗಣಿಯ ಶಾಫ್ಟಿನಲ್ಲಿ, ಅಂದರೆ ನೇರ ಬಾವಿಯಲ್ಲಿ, ಆಳುಗಳನ್ನು ಇಳಿಸಿ ಏರಿಸುವ ವೈಂಡಿಂಗ್ ಎಂಜಿನ್ ಡ್ರೈವರನಿಗೂ ಬೇಕು. ಕೋಲಾರ, ಹಟ್ಟಿ ಕಡೆಯವರಿಗೆ ಇದೇನೂ ಹೊಸದಲ್ಲ. ಮನೆಯ ವೈರಿಂಗ್‌ಗೂ ವೈರ್‌ಮನ್ ಪರ್ಮಿಟ್ ಉಂಟು. ವೈಟ್‌ಫೀಲ್ಡಿನಲ್ಲಿ 30ನೇ ಮಹಡಿಯ ಮೇಲೆ ಟವರ್ ಕ್ರೇನ್ ತಿರುಗಿಸುವವನಿಗೆ ಮಾತ್ರ ಇಂಥದ್ದು ಯಾವುದೂ ಬೇಡ. 1998ರ ಕಟ್ಟಡ ಕಾರ್ಮಿಕರ ನಿಯಮಗಳು ಅವನಿಗೆ 18 ವರ್ಷ ತುಂಬಿರಲಿ, ಆತ ನುರಿತವನಿರಲಿ, ವೈದ್ಯಕೀಯ ತಪಾಸಣೆ ಆಗಿರಲಿ ಎಂದಿದ್ದವು. ನುರಿತವನೆಂದು ಹೇಳುವವರು ಯಾರು? ಅವನನ್ನು ಕರೆತಂದ ಗುತ್ತಿಗೆದಾರನೇ. ಆರ್‌ಟಿಒ ಲೈಸೆನ್ಸ್ ಇದೆಯಲ್ಲ ಎನ್ನುವವರಿದ್ದಾರೆ. ಅದು ಗಾಡಿಯನ್ನು ರಸ್ತೆಯಲ್ಲಿ ಓಡಿಸುವುದಕ್ಕೆ, ಹೊರೆ ಎತ್ತುವುದಕ್ಕಲ್ಲ.

ಆಪರೇಟರಿಗಿಂತ ಹೆಚ್ಚಾಗಿ ರಿಗ್ಗರನಿಗೆ, ಅಂದರೆ ಹೊರೆ ಕಟ್ಟುವವನಿಗೆ, ಲೈಸೆನ್ಸ್ ಬೇಕು, ಯಾಕೆಂದರೆ ಹೊರೆ ಬೀಳುವುದು ಹೆಚ್ಚಾಗಿ ಕಟ್ಟಿದ ಜಾಗದಲ್ಲಿ. ಹೊರೆಯನ್ನು ಕ್ರೇನಿನ ಕೊಕ್ಕೆಗೆ ತೂಗುಹಾಕುವ ಹಗ್ಗ ಅಥವಾ ಪಟ್ಟಿಯೇ ಸ್ಲಿಂಗ್. 2 ಟನ್ ಹೊರೆಯನ್ನು ಎರಡು ಕಾಲಿನ ಸ್ಲಿಂಗಿನಲ್ಲಿ ಎತ್ತುತ್ತೀರಿ ಎನ್ನಿ. ಕಾಲುಗಳ ನಡುವಿನ ಕೋನ 60 ಡಿಗ್ರಿ ಇದ್ದರೆ ಒಂದೊಂದು ಕಾಲಿನ ಮೇಲೆ ಸುಮಾರು 1.15 ಟನ್. 90ಕ್ಕೆ ಹೋದರೆ 1.41. 120ಕ್ಕೆ ಹೋದರೆ ಒಂದೊಂದರ ಮೇಲೂ ಪೂರ್ತಿ 2 ಟನ್. 'ಎರಡು ಕಾಲಿದೆ, ಅರ್ಧರ್ಧ' ಎಂದುಕೊಂಡು 1.5 ಟನ್ನಿನ ಸ್ಲಿಂಗ್ ಹಾಕಿದವನಿಗೆ ತಾನು ತಪ್ಪಿದ್ದೇ ಗೊತ್ತಾಗುವುದಿಲ್ಲ.

ಕಬ್ಬಿಣದ ಸರಳಿನ ಕಟ್ಟು ಇನ್ನೊಂದು. ಕಾರ್ಖಾನೆಯಿಂದ ಬರುವಾಗ ಅದಕ್ಕೆ ಸುತ್ತಿರುವ ತಂತಿ ಸಾಗಣೆಯಲ್ಲಿ ಸರಳು ಚದುರದಿರಲೆಂದು ಹಾಕಿದ್ದು. ಎಷ್ಟೋ ಸೈಟುಗಳಲ್ಲಿ ಆ ತಂತಿಗೇ ಕೊಕ್ಕೆ ಸಿಕ್ಕಿಸಿ ಎತ್ತುತ್ತಾರೆ. ಸರಿಯಾದ ಕ್ರಮವೆಂದರೆ ಎರಡು ಕಡೆ ಸ್ಲಿಂಗನ್ನು ಎರಡೆರಡು ಸುತ್ತು ಹಾಕಿ ಬಿಗಿಯುವುದು. ಒಂದೇ ಸುತ್ತಾದರೆ ಕಟ್ಟು ಓರೆಯಾದ ಕೂಡಲೇ ನಡುವಿನ ಸರಳುಗಳು ಬಾಣದಂತೆ ಜಾರಿ ಇಳಿಯುತ್ತವೆ. ವೈರ್ ರೋಪಿಗೆ (ಉಕ್ಕಿನ ತಂತಿಯ ಹಗ್ಗ) ಕುಣಿಕೆ ಮಾಡುವಾಗ ಕ್ಲಿಪ್ಪಿನ ಯು-ಬೋಲ್ಟ್ ಮಡಚಿ ತಂದ ತುಂಡು ತುದಿಯ ಮೇಲೆ ಕೂರಬೇಕು, ತಳಪಟ್ಟಿ ಭಾರ ಹೊರುವ ಎಳೆಯ ಮೇಲೆ. ತಿರುವುಮುರುವಾದರೆ ಭಾರ ಹೊರುವ ಎಳೆಯೇ ಜಜ್ಜಿಹೋಗುತ್ತದೆ. 16 ಮಿ.ಮೀ. ಹಗ್ಗಕ್ಕೆ ಕನಿಷ್ಠ 3 ಕ್ಲಿಪ್, ನಡುವೆ ಹಗ್ಗದ ವ್ಯಾಸದ ಆರು ಪಟ್ಟು ಅಂತರ, ಮೊದಲ ಹೊರೆ ಎತ್ತಿಳಿಸಿದ ಮೇಲೆ ಮತ್ತೊಮ್ಮೆ ಬಿಗಿ. ಹತ್ತು ನಿಮಿಷದಲ್ಲಿ ಕಣ್ಣೆದುರೇ ಮಾಡಿಸಿ ನೋಡಬಹುದಾದ ಕೆಲಸಗಳು ಇವು.

ಆಪರೇಟರನಿಗೂ ಅಂಥದ್ದೇ ಒಂದು ಪ್ರಶ್ನೆ ಸಾಕು: ಸಂಜೆ ಕೆಳಗಿಳಿಯುವ ಮುಂಚೆ ಏನು ಮಾಡುತ್ತೀಯ? ಕೊಕ್ಕೆ ಖಾಲಿ ಮಾಡಿ ಮೇಲಕ್ಕೆಳೆದು, ಕೊಕ್ಕೆ ಹೊತ್ತು ಓಡಾಡುವ ಟ್ರಾಲಿಯನ್ನು ತಯಾರಕರು ಹೇಳಿದ ಜಾಗಕ್ಕೆ ತಂದು, ತಿರುಗುವ ಬ್ರೇಕನ್ನು ಬಿಡಿಸಬೇಕು. ಆಗ ರಾತ್ರಿ ಗಾಳಿ ಬೀಸಿದರೆ ಜಿಬ್, ಅಂದರೆ ಕ್ರೇನಿನ ಅಡ್ಡ ತೋಳು, ಗಾಳಿಪಟದ ಬಾಲದಂತೆ ತಾನೇ ಗಾಳಿಯ ದಿಕ್ಕಿಗೆ ತಿರುಗುತ್ತದೆ. 'ಅಲ್ಲಾಡದಿರಲಿ' ಎಂದು ಬ್ರೇಕ್ ಹಾಕಿ ಹೋದರೆ ಗಾಳಿ ಜಿಬ್ಬಿಗೆ ಅಡ್ಡ ಬಡಿದು ಇಡೀ ಕಂಬವೇ ಉರುಳಬಹುದು. ತಿಳಿಯದವನಿಗೆ ಬ್ರೇಕ್ ಹಾಕುವುದೇ ಜಾಗ್ರತೆಯಂತೆ ಕಾಣುತ್ತದೆ.

ಆಸ್ಟ್ರೇಲಿಯಾದಲ್ಲಿ ಅಪಾಯದ ಕೆಲಸಗಳಿಗೆ 29 ದರ್ಜೆಯ ವೈಯಕ್ತಿಕ ಲೈಸೆನ್ಸ್ ಇವೆ. ಟವರ್ ಕ್ರೇನಿಗೆ ಒಂದು, ಹೊರೆ ಕಟ್ಟಿ ಸನ್ನೆ ಮಾಡುವವನಿಗೆ ಬೇರೊಂದು, 4 ಮೀಟರಿಗಿಂತ ಎತ್ತರದಿಂದ ಬೀಳುವ ಅಪಾಯವಿದ್ದರೆ ಸ್ಕ್ಯಾಫೋಲ್ಡಿಂಗ್ ಕಟ್ಟುವವನಿಗೂ ಒಂದು. ನಮಗೆ ಅಷ್ಟು ಬೇಡ. ಆಪರೇಟರ್, ರಿಗ್ಗರ್, ಸಿಗ್ನಲ್‌ಮನ್, ಮೂರು ಕಾರ್ಡು ಸಾಕು. ಬರೆಯುವ ಪರೀಕ್ಷೆ ಇಡಬಾರದು. ಕನ್ನಡ, ಹಿಂದಿ, ತೆಲುಗು, ಬಂಗಾಳಿಯಲ್ಲಿ ಬಾಯಿಮಾತಿನ ಪ್ರಶ್ನೆ, ಆಮೇಲೆ ನಿಜವಾದ ಹೊರೆ. ಒಬ್ಬನಿಗೆ ಅರ್ಧ ದಿನ ಹಿಡಿಯುತ್ತದೆ.

ವಿರೋಧ: ಕೀಲಿ ಇರುವುದು ಬೇರೆಯವನ ಜೇಬಿನಲ್ಲಿ

ಕೋನದ ಲೆಕ್ಕದಲ್ಲಿ ತಕರಾರಿಲ್ಲ. ಅದನ್ನು ಬಲ್ಲ ರಿಗ್ಗರುಗಳೂ ಅಗಲಿಸಿಯೇ ಕಟ್ಟುತ್ತಾರಲ್ಲ, ಯಾಕೆ? ಸ್ಟೋರಿನಲ್ಲಿರುವುದು 2 ಮೀಟರಿನ ಸ್ಲಿಂಗ್, ಹೊರೆಯ ಎರಡು ಕೊಂಡಿಗಳ ನಡುವೆ 3.5 ಮೀಟರ್. ಕಟ್ಟಿದ ಕೂಡಲೇ ಕೋನ 120 ದಾಟಿತು. 4 ಮೀಟರಿನ ಸ್ಲಿಂಗ್ ಇದ್ದಿದ್ದರೆ 52 ಡಿಗ್ರಿ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಅದನ್ನು ಕೊಳ್ಳಬೇಕಾದವನು ಗುತ್ತಿಗೆದಾರ. ರಿಗ್ಗರನ ಜೇಬಿನಲ್ಲಿ ಕಾರ್ಡಿದ್ದರೆ ಸ್ಲಿಂಗ್ ಉದ್ದವಾಗುವುದಿಲ್ಲ.

ಸುರಕ್ಷಿತ ಭಾರ ಸೂಚಕವನ್ನೇ ನೋಡಿ. ಮಿತಿ ಮೀರಿದರೆ ಅದು ಎತ್ತುವ ಚಲನೆಯನ್ನು ನಿಲ್ಲಿಸುತ್ತದೆ. ರಿಪೇರಿ ಹೊತ್ತಿಗೆಂದು ಅದಕ್ಕೊಂದು ಬೈಪಾಸ್ ಕೀಲಿ ಇರುತ್ತದೆ. ಆ ಕೀಲಿ ಸೂಪರ್‌ವೈಸರನ ಗೊಂಚಲಿನಲ್ಲಿದ್ದರೆ ಸ್ಲ್ಯಾಬ್ ಹಾಕುವ ದಿನ ಅದು ತಿರುಗದೇ ಇರುವುದಿಲ್ಲ. ಆಪರೇಟರ್ ಒಲ್ಲೆನೆಂದರೆ ಮಧ್ಯಾಹ್ನಕ್ಕೆ ಇನ್ನೊಬ್ಬ ಬರುತ್ತಾನೆ, ಕಾರ್ಡ್ ಇದ್ದವನೇ ಬರುತ್ತಾನೆ. ಆಮೇಲೆ ಏನಾದರೂ ಬಿದ್ದರೆ 'ಲೈಸೆನ್ಸ್ ಇದ್ದೂ ತಪ್ಪು ಮಾಡಿದ' ಎಂಬ ಒಂದು ಸಾಲು ಸಾಕು, ಕೇಸು ಕ್ಯಾಬಿನ್ನಿನಲ್ಲಿ ಕೂತವನ ತಲೆಗೆ. ವೈಯಕ್ತಿಕ ಲೈಸೆನ್ಸಿನಲ್ಲಿ ನಾವು ಕಾಣುವ ದೊಡ್ಡ ಕೆಡುಕು ಇದೇ: ಹೊಣೆ ಮೇಲಿನಿಂದ ಜಾರಿ ದಿನಗೂಲಿಯವನ ಹೆಸರಿಗೆ ಬರುತ್ತದೆ.

ಇನ್ನು ಎಲ್ಲರೂ 'ಹೈಡ್ರಾ' ಎನ್ನುವ, ಹೊರೆ ಹೊತ್ತುಕೊಂಡೇ ನಡೆಯುವ ಕ್ರೇನ್. ಅದರ ಬೂಮಿನ (ಚಾಚುವ ತೋಳು) ಮೇಲೆ 14 ಟನ್ ಎಂದು ಬರೆದಿರುತ್ತದೆ. ಅದು ಬೂಮ್ ಪೂರ್ತಿ ಒಳಗಿದ್ದು, ಹೊರೆ ಮೂತಿಗೆ ಅಂಟಿದಂತಿದ್ದು, ಗಾಡಿ ನೇರ ನಿಂತಾಗಿನ ಮಾತು. ಬೂಮ್ ಚಾಚಿದಷ್ಟೂ ಸಾಮರ್ಥ್ಯ ಇಳಿಯುತ್ತದೆ. ನಡು ಮುರಿದು ತಿರುಗುವ ಮಾದರಿಯಾದರೆ ತಿರುವಿನಲ್ಲಿ ಹೊರೆ ಚಕ್ರಗಳ ಪಕ್ಕಕ್ಕೆ ಸರಿದು ಇನ್ನಷ್ಟು ಇಳಿಯುತ್ತದೆ. ಎಷ್ಟು ದೂರಕ್ಕೆ ಎಷ್ಟು ಭಾರ ಎತ್ತಬಹುದೆಂಬ ಪಟ್ಟಿ, ಲೋಡ್ ಚಾರ್ಟ್, ಒಂದೊಂದು ಮಾದರಿಗೂ ಬೇರೆ. ಯಾವುದೋ ಯಂತ್ರದ ಮೇಲೆ ಒಂದು ದಿನ ಪಾಸಾದವನಿಗೆ ಈ ಯಂತ್ರ ಗೊತ್ತೆಂದು ಹೇಳುವುದು ಹೇಗೆ? ಆಸ್ಟ್ರೇಲಿಯಾದ ಲೈಸೆನ್ಸೂ 5 ವರ್ಷಕ್ಕೊಮ್ಮೆ ನವೀಕರಣವಾಗುವಾಗ ಮರುಪರೀಕ್ಷೆ ಇಲ್ಲ, 'ಕೌಶಲ ಉಳಿಸಿಕೊಂಡಿದ್ದೇನೆ' ಎಂಬ ಘೋಷಣೆ ಸಾಕು. ನಮ್ಮಲ್ಲಂತೂ ಪರೀಕ್ಷಾ ಕೇಂದ್ರ ತೆರೆದ ಮಾರನೇ ದಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಬ್ರೋಕರ್ ಕೂರುತ್ತಾನೆ. ಆರ್‌ಟಿಒ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೊ ಕಂಬಕ್ಕೆಂದು ನಿಲ್ಲಿಸಿದ್ದ ಕಬ್ಬಿಣದ ಚೌಕಟ್ಟು ರಸ್ತೆಗೆ ಉರುಳಿ ತಾಯಿ, ಮಗು ಸತ್ತರು. ನಿಂತ ಚೌಕಟ್ಟಿಗೆ ಆಧಾರ ಎಷ್ಟು, ಎಲ್ಲಿ, ಎಂದು ನಕ್ಷೆ ಬರೆದು ಲೆಕ್ಕ ಹಾಕಬೇಕಾದವನು ಎಂಜಿನಿಯರ್. ಯಾವ ರಿಗ್ಗರನ ಕಾರ್ಡೂ ಆ ಜಾಗ ತುಂಬದು.

ಲೈಸೆನ್ಸಿನ ಬದಲು ಎತ್ತುವ ಕೆಲಸಕ್ಕೇ ಅನುಮತಿ ಪತ್ರ ಇಡಿ. ಚಾರ್ಟಿನ ಶೇ 75 ದಾಟುವ ಹೊರೆ, ಎರಡು ಕ್ರೇನ್ ಸೇರಿ ಎತ್ತುವ ಹೊರೆ, ರಸ್ತೆಯ ಮೇಲೆ ಹಾಯುವ ಹೊರೆ: ಇವಕ್ಕೆಲ್ಲ ತೂಕ, ತ್ರಿಜ್ಯ (ಕ್ರೇನಿನ ನಡುವಿನಿಂದ ಹೊರೆಗಿರುವ ದೂರ), ಸ್ಲಿಂಗಿನ ಉದ್ದ, ಔಟ್‌ರಿಗರ್ (ಕ್ರೇನಿನ ಆಸರೆಗಾಲು) ಕೆಳಗಿನ ನೆಲದ ಸ್ಥಿತಿ ಬರೆದ ಒಂದು ಹಾಳೆ, ಅದರ ಕೆಳಗೆ ಎಂಜಿನಿಯರ್ ಸಹಿ. ಹೊಸ ಯಂತ್ರಕ್ಕೆ ಬಂದ ಆಪರೇಟರನನ್ನು ಅದೇ ಯಂತ್ರದ ಮೇಲೆ, ಅದೇ ಚಾರ್ಟ್ ಓದಿಸಿ ನೋಡಿದ ಮೇಲೆಯೇ ಕೆಲಸಕ್ಕೆ ಬಿಡಿ. ಬೈಪಾಸ್ ಕೀಲಿಯನ್ನು ಸೀಲು ಮಾಡಿದ ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ರಿಜಿಸ್ಟರ್ ತೂಗುಹಾಕಿ: ತೆಗೆದವರು ಯಾರು, ಯಾವ ಹೊತ್ತಿಗೆ, ಯಾಕೆ, ವಾಪಸ್ಸು ಇಟ್ಟದ್ದು ಯಾವಾಗ.