ಭಾರತಕ್ಕೆ ಮೂರನೆಯ ವಿಮಾನವಾಹಕ ನೌಕೆ ಬೇಕೇ?

ಪರ: ಎರಡು ಕಡಲಿಗೆ ಮೂರು ನೌಕೆ ಬೇಕು

ಭಾರತದ ಬಳಿ ಈಗ ವಿಕ್ರಮಾದಿತ್ಯ ಮತ್ತು ಕೊಚ್ಚಿಯಲ್ಲಿ ಕಟ್ಟಿ 2022ರಲ್ಲಿ ಸೇವೆಗೆ ಸೇರಿದ ವಿಕ್ರಾಂತ್ ಎಂಬ ಎರಡು ವಿಮಾನವಾಹಕ ನೌಕೆಗಳಿವೆ. ಇವುಗಳಲ್ಲೊಂದು ದುರಸ್ತಿಗೆಂದು ತಿಂಗಳುಗಟ್ಟಲೆ ನಿಂತರೆ ಅರಬ್ಬೀ ಸಮುದ್ರ, ಬಂಗಾಳ ಕೊಲ್ಲಿ ಎರಡಕ್ಕೂ ಉಳಿಯುವುದು ಒಂದೇ. ಅತ್ತ ಚೀನಾ 2012ರಲ್ಲಿ ಲಿಯಾವೊನಿಂಗ್, 2019ರಲ್ಲಿ ಶಾನ್‌ಡಾಂಗ್, 2025ರಲ್ಲಿ ಫುಜಿಯಾನ್ ವಿಮಾನವಾಹಕ ನೌಕೆಗಳನ್ನು ತನ್ನ ನೌಕಾಪಡೆಗೆ ಸೇರಿಸಿಕೊಂಡಿದೆ. 2017ರಿಂದ ಆಫ್ರಿಕಾದ ಜಿಬೂಟಿಯಲ್ಲಿ ಅದರ ಸೇನಾ ನೆಲೆಯೂ ಇದೆ.

ಮದ್ದೂರಿನ ನಮ್ಮ ದೊಡ್ಡಪ್ಪ 1971ರ ಯುದ್ಧದಲ್ಲಿ ಹಳೆಯ ವಿಕ್ರಾಂತ್‌ನ ಬಾಯ್ಲರ್ ವಿಭಾಗದಲ್ಲಿದ್ದರು. ಒಂದು ಬಾಯ್ಲರ್ ಬಿರುಕು ಬಿಟ್ಟಿದ್ದರಿಂದ ಆ ನೌಕೆ ಪೂರ್ಣ ವೇಗದಲ್ಲಿ ಓಡುವಂತಿರಲಿಲ್ಲ. ಆದರೂ ಅದರಿಂದ ಹಾರಿದ ಸೀ ಹಾಕ್ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರ್‌ಗಳ ಮೇಲೆ ದಾಳಿ ಮಾಡಿ ಪೂರ್ವ ಪಾಕಿಸ್ತಾನದ ಕಡಲ ದಾರಿಯನ್ನು ಮುಚ್ಚಿದವು. ವಿಕ್ರಾಂತನ್ನು ಮುಳುಗಿಸಲೆಂದೇ ಬಂದ ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿ ವಿಶಾಖಪಟ್ಟಣದ ಬಳಿ ತಾನೇ ಮುಳುಗಿತು. ಕಬ್ಬಿನ ಗದ್ದೆಯ ಬದುವಿನ ಮೇಲೆ ಕೂತು ದೊಡ್ಡಪ್ಪ, "ಹಡಗು ಕುಂಟ್ತಿತ್ತು ಕಣಪ್ಪ, ವಿಮಾನ ಕುಂಟ್ಲಿಲ್ಲ" ಎನ್ನುತ್ತಿದ್ದರು. ಅದನ್ನು ಕೇಳಿ ಬೆಳೆದ ನನಗೆ, ಇಂಥ ದೊಡ್ಡ ಹಡಗನ್ನು ಶತ್ರುವಿನ ಕ್ಷಿಪಣಿ ಸುಲಭವಾಗಿ ಮುಳುಗಿಸುತ್ತದೆಂಬ ಭಯವನ್ನು ಮುಂದಿಡುವವರ ವಾದ ಹಿಡಿಸುವುದಿಲ್ಲ. ಕ್ಷಿಪಣಿಗೆ ಹೆದರುವವರು ಯಾವ ಹಡಗನ್ನೂ ಕಟ್ಟಲಾರರು. ಮತ್ತೊಮ್ಮೆ ಹೇಳುತ್ತೇನೆ: ಒಂದು ದುರಸ್ತಿಯಲ್ಲಿರುವಾಗಲೂ ಎರಡು ಕಡಲಿನಲ್ಲಿ ಎರಡು ನೌಕೆಗಳಿರಬೇಕಾದರೆ ನಮಗೆ ಮೂರು ಬೇಕೇ ಬೇಕು.

ವಿರೋಧ: ಹಣ ಮೊದಲು ಜಲಾಂತರ್ಗಾಮಿಗಳಿಗೆ ಹೋಗಲಿ

ಮೂರನೆಯ ನೌಕೆ ಕಟ್ಟದಿದ್ದರೆ ಕೊಚ್ಚಿಯಲ್ಲಿ ಗಳಿಸಿದ ಹಡಗು ಕಟ್ಟುವ ಕೌಶಲ ಕೈತಪ್ಪೀತು ಎನ್ನುವವರಿದ್ದಾರೆ; ಅದು ಕೈತಪ್ಪಬಾರದು ಎಂಬುದನ್ನು ವಿರೋಧದ ಪಕ್ಷ ವಹಿಸಿರುವ ನಾನೂ ಒಪ್ಪುತ್ತೇನೆ. ಆದರೆ ವಿಕ್ರಾಂತ್ ಒಂದಕ್ಕೇ ಸುಮಾರು 20,000 ಕೋಟಿ ರೂಪಾಯಿ ತಗುಲಿತು. ವಿಮಾನಗಳ ಮತ್ತು ಬೆಂಗಾವಲು ಹಡಗುಗಳ ವೆಚ್ಚ ಬೇರೆ. ದೊಡ್ಡ ಹಡಗನ್ನು ಕಂಡೊಡನೆ ಚೀನಾ ಹಿಂದೆ ಸರಿಯುತ್ತದೆಂದು ಕೆಲವರು ನಂಬುತ್ತಾರೆ; ಆ ನಂಬಿಕೆಯ ಮೇಲೆ ಇಷ್ಟು ಹಣ ಹೂಡಲಾಗದು. 2022ರ ಏಪ್ರಿಲ್‌ನಲ್ಲಿ ಉಕ್ರೇನಿನ ಕ್ಷಿಪಣಿಗಳು ರಷ್ಯಾದ ಮಾಸ್ಕ್ವಾ ಯುದ್ಧನೌಕೆಯನ್ನು ಮುಳುಗಿಸಿದವು. 1971ರ ಡಿಸೆಂಬರ್ 4ರ ರಾತ್ರಿ ಪಾಕಿಸ್ತಾನದ ಕರಾಚಿಯ ಮೇಲೆ ದಾಳಿ ಮಾಡಿದ್ದೂ ನಮ್ಮ ಸಣ್ಣ ಕ್ಷಿಪಣಿ ದೋಣಿಗಳೇ.

ಆದ್ದರಿಂದ ಹಣ ಮೊದಲು ನೀರಿನಡಿ ಅಡಗಿ ಸಾಗುವ ಜಲಾಂತರ್ಗಾಮಿಗಳಿಗೆ ಹೋಗಬೇಕು. ಅರಿಹಂತ್‌ನಂಥ ಪರಮಾಣು ಜಲಾಂತರ್ಗಾಮಿಗಳಿಗಾಗಿ ಯುರೇನಿಯಂ ಸಂವರ್ಧನೆ (ಅದನ್ನು ಇಂಧನವಾಗಿ ಬಳಸುವಂತೆ ಸಾಂದ್ರಗೊಳಿಸುವ ಕೆಲಸ) ನಡೆಯುವುದು ಮೈಸೂರಿನ ಪಕ್ಕದ ರತ್ನಹಳ್ಳಿಯಲ್ಲಿ. ಇದು ನಮಗೆ ದೂರದ ವಿಷಯವಲ್ಲ. 2005ರಲ್ಲಿ ಒಪ್ಪಂದವಾದ ಆರು ಕಲ್ವರಿ ವರ್ಗದ ಜಲಾಂತರ್ಗಾಮಿಗಳಲ್ಲಿ ಕೊನೆಯದಾದ ವಾಗ್‌ಶೀರ್ ನೌಕಾಪಡೆ ಸೇರಿದ್ದು 2025ರ ಜನವರಿಯಲ್ಲಿ. ಈ ವಿಳಂಬವನ್ನು ನೀಗಿಸಿದ ಮೇಲೆ ಮೂರನೆಯ ವಿಮಾನವಾಹಕದ ಪ್ರಸ್ತಾಪವನ್ನು ಕೈಗೆತ್ತಿಕೊಳ್ಳಬಹುದು.