ಪೌತಿ ಅಂದರೆ ಪಾವತಿ ಅಲ್ಲ

ಆಲೂರು, ಸಕಲೇಶಪುರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: 'ಪೌತಿ ಅಂದ್ರೆ ಪಾವತಿ. ಸತ್ತವರ ಹೆಸರಿನ ಕಂದಾಯ ಯಾರು ಕಟ್ಟುತ್ತಾರೋ ಜಮೀನು ಅವರದ್ದೇ.' ಎರಡೂ ತಪ್ಪು.

ಪೌತಿ ಅಥವಾ ಫೌತಿ ಬಂದಿದ್ದು ಅರಬ್ಬಿಯ 'ಫೌತ್'ನಿಂದ. ಅಂದರೆ ಸಾವು. ತಹಶೀಲ್ದಾರ್, ಜಮಾಬಂದಿ ಬಂದ ಪಾರ್ಸಿ ದಾರಿಯಲ್ಲೇ ಇದೂ ಕಂದಾಯದ ಕಡತಕ್ಕೆ ಬಂತು. 'ಖಾತೆದಾರರು ಫೌತಿಯಾಗಿದ್ದಾರೆ' ಅಂದರೆ ತೀರಿಕೊಂಡಿದ್ದಾರೆ ಎಂದಷ್ಟೇ. ಮನೆಯಲ್ಲಿ ಯಾರೂ 'ಅಜ್ಜ ಫೌತಿಯಾದರು' ಅನ್ನಲ್ಲ, ಅಲ್ವಾ? ಅದು ಕಚೇರಿಯ ಮಾತು.

ಪೌತಿ ಖಾತೆ ಅಂದರೆ ಸತ್ತವರ ಹೆಸರಲ್ಲಿದ್ದ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವುದು. ಅದಕ್ಕೆ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರೂ ಇರಬೇಕು. ಜಗಳ ಹುಟ್ಟೋದು ಜಾಸ್ತಿ ಇಲ್ಲೇ. ಕಂದಾಯದ ರಸೀದಿ ಹಕ್ಕುಪತ್ರವಲ್ಲ. ಒಬ್ಬರೇ ವರ್ಷಗಟ್ಟಲೆ ಕಟ್ಟಿದರೂ ಅಷ್ಟಕ್ಕೇ ಉಳಿದವರ ಪಾಲು ಹೋಗುವುದಿಲ್ಲ.

ಇನ್ನೊಂದು. ಪಹಣಿಯಲ್ಲಿ, ಅಂದರೆ ಜಮೀನಿನ ದಾಖಲೆಯಲ್ಲಿ, ಖಾತೆದಾರರ ಹೆಸರಿನ ಮುಂದೆ 'ಬಿನ್ ಲೇಟ್' ಕಂಡ ಕೂಡಲೇ ಖಾತೆದಾರರೇ ಹೋಗಿಬಿಟ್ಟರು ಅಂದುಕೊಳ್ಳಬೇಡಿ. ಬಿನ್ ಅಂದರೆ ಮಗ, ಲೇಟ್ ಅಂದರೆ ದಿವಂಗತ; ಅದು ಸೇರುವುದು ಆಮೇಲೆ ಬರುವ ತಂದೆಯ ಹೆಸರಿಗೆ. ತೀರಿಕೊಂಡಿರುವುದು ಅವರ ತಂದೆ.