ಕೆಪೊ?

ಮೊನ್ನೆ ಐದು ವರ್ಷದ ಒಂದು ಹುಡುಗಿ ಮತ್ತು ನಾನು ಸ್ಪ್ಯಾನಿಷ್ ಮಾತಿನಲ್ಲಿ ಒಂದೇ ತಪ್ಪು ಮಾಡಿದೆವು. ಅವಳಿಗೆ ಮುತ್ತು ಸಿಕ್ಕಿತು, ನನಗೆ ಪಾಠ.

ನಾವಿರುವುದು ಮ್ಯಾಡ್ರಿಡ್‌ನ ಕ್ವಾತ್ರೊ ಕಮಿನೊಸ್ ಹತ್ತಿರ, ಹಳೇ ಕಟ್ಟಡದ ಐದನೇ ಮಹಡಿಯಲ್ಲಿ. ಲಿಫ್ಟ್ ಇದೆ. ಲಿಫ್ಟ್ ಅಂದರೆ, ಕಟ್ಟಡಕ್ಕೆ ಮುಪ್ಪು ಬಂದಮೇಲೆ ಮೆಟ್ಟಿಲುಗಳ ನಡುವಿನ ಸಂದಿಗೆ ತುರುಕಿದ ಒಂದು ಬೀರು. ಒಳಗೆ 'ನಾಲ್ಕು ಜನ, 300 ಕಿಲೊ' ಅಂತ ಫಲಕ ಬೇರೆ. ಆ ನಾಲ್ಕು ಜನ ಯಾರು ಅಂತ ಒಮ್ಮೆ ನೋಡಬೇಕು ನನಗೆ. ಹೋದ ವರ್ಷ ಲಾವಾಪಿಯೆಸ್ ಬಡಾವಣೆಯ ಬಾಂಗ್ಲಾದೇಶಿ ಅಂಗಡಿಯಿಂದ ಹತ್ತು ಕಿಲೊ ಅಕ್ಕಿ ಹೊತ್ತು ತಂದು, ಮೂಟೆ ನಿಲ್ಲಿಸಿ, ಅದನ್ನು ತಬ್ಬಿಕೊಂಡು ನಿಂತೆ. ಅಷ್ಟರಲ್ಲಿ ನಾಲ್ಕನೇ ಮಹಡಿಯವನು ಸೈಕಲ್ ಸಮೇತ ನುಗ್ಗಿದ. ಎರಡು ಮಹಡಿ ದಾಟಿ ಲಿಫ್ಟ್ ನಿಂತಿತು. ಸೈಕಲ್ಲಿನ ಪೆಡಲ್ ಮೂಟೆಗೆ ಸಿಕ್ಕಿ ಅಕ್ಕಿ ಸುರಿಯತೊಡಗಿತು, ನನ್ನ ಶೂ ಒಳಗೆ, ಬಾಗಿಲ ಸಂದಿಯಿಂದ ಕೆಳಗೆ. ಮುಕ್ಕಾಲು ಗಂಟೆ! ಕೊನೆಗೆ ರಿಪೇರಿಯವನು ಬಂದು, ಕೆಳಗಿನ ರಾಶಿ ನೋಡಿ, "ಯಾರದು ಮದುವೆ?" ಅಂದ. ಇಲ್ಲೂ ಮದುಮಕ್ಕಳ ಮೇಲೆ ಅಕ್ಕಿ ಎರಚುತ್ತಾರೆ. ಅವತ್ತು ನನಗೆ ನಗು ಬರಲಿಲ್ಲ, ಈಗಲೂ ಅಷ್ಟೇನೂ ಬರಲ್ಲ.

ಇರಲಿ, ಹೇಳಹೊರಟಿದ್ದು ವ್ಯಾಕರಣ. ಮೊನ್ನೆ ಲಿಫ್ಟಿನಲ್ಲಿ ಮೂರನೇ ಮಹಡಿಯ ಅಜ್ಜಿ ಮತ್ತು ಮೊಮ್ಮಗಳು ಇದ್ದರು. ಜಾಗ ಇದೆಯಾ ಅಂತ ಕೇಳೋಣ ಅಂತ "ಕಾಬೊ?" ಅಂದೆ. ಹುಡುಗಿ ಖುಷಿಯಿಂದ "ನಾನೂ ಕಾಬೊ!" ಅಂದಳು. ಅಜ್ಜಿ ಅವಳ ಕೆನ್ನೆಗೆ ಮುತ್ತಿಟ್ಟು ನನ್ನ ಕಡೆ ತಿರುಗಿ, "ಕೆಪೊ ಅನ್ನಬೇಕು. ಕಾಬೊ ಅಂದರೆ ಸೈನ್ಯದ ಕಾರ್ಪೊರಲ್. ನೀನು ಯಾವಾಗ ಸೇರಿದೆಯಪ್ಪಾ?" ಅಂದರು.

ಕಾಬೆಸ್, ಕಾಬೆ, ಕಾಬೆಮೊಸ್, ಕಾಬೆಯಿಸ್, ಕಾಬೆನ್. ನೀನು, ಅವನು, ನಾವು, ನೀವು, ಅವರು, ಎಲ್ಲರೂ ಸಾಲಾಗಿ ನಿಂತಿದ್ದಾರೆ. 'ನಾನು' ಒಬ್ಬನೇ ಕೆಪೊ. ತೆಂಗೊ (ನನ್ನ ಹತ್ತಿರ ಇದೆ), ಆಗೊ (ಮಾಡ್ತೀನಿ), ಪೊಂಗೊ (ಇಡ್ತೀನಿ), ಸಾಲ್ಗೊ (ಹೊರಡ್ತೀನಿ), ಎಲ್ಲಿ ನೋಡಿದರೂ ತಂಟೆ ಈ 'ನಾನು'ವಿನದ್ದೇ. ಮನೆಯಲ್ಲಿ ಹೇಳಿದರೆ, "ಕನಕದಾಸರು ಹೇಳಲಿಲ್ವೇನ್ರೀ, ನಾನು ಹೋದರೆ ಹೋದೇನು ಅಂತ?" ಅಂದಳು ಹೆಂಡತಿ, ಫೋನಿನಿಂದ ತಲೆ ಎತ್ತದೆ. ಸ್ಪ್ಯಾನಿಷ್ ಮೇಷ್ಟ್ರನ್ನು ಕೇಳಿದರೆ "ಅದು ಹಾಗೇ, ಬಾಯಿಪಾಠ ಮಾಡಿ" ಅಂತಾರೆ. ಇದಕ್ಕೆ ತಿಂಗಳಿಗೆ ಫೀಸು ಬೇರೆ!

"ಕೆಪೊ?" ಅಂದರೆ "ನಾನು ಹಿಡಿಯುತ್ತೀನಾ?" ಅಂತ. ನಮ್ಮಲ್ಲಿ ಹಾಗೆ ಯಾರಾದರೂ ಕೇಳ್ತಾರಾ? ಡಬ್ಬಿ ಎರಡು ಸೇರು ಹಿಡಿಯುತ್ತೆ, ಬಸ್ಸು ಐವತ್ತು ಜನ ಹಿಡಿಯುತ್ತೆ. ಹಿಡಿಯೋ ಕೆಲಸ ಡಬ್ಬಿಯದ್ದು, ಬಸ್ಸಿನದ್ದು. ಈ ಕೆಪೊವಿನ ಮೂಲ ಲ್ಯಾಟಿನ್ನಿನ ಕಾಪಿಯೊ. ಅದಕ್ಕೂ ನಮ್ಮ 'ಹಿಡಿ' ಥರವೇ ಕೈಯಲ್ಲಿ ಹಿಡಿಯೋದು, ಪಾತ್ರೆ ಹಿಡಿಯೋದು, ಎರಡೂ ಅರ್ಥ. ಸ್ಪೇನಿನವರು ಅದನ್ನು ತಿರುಗಿಸಿ, ಹಿಡಿಸಿಕೊಳ್ಳುವ ಭಾರವನ್ನೆಲ್ಲ ಮನುಷ್ಯನ ಮೇಲೇ ಹೇರಿಬಿಟ್ಟರು. ಖುಷಿ ಜಾಸ್ತಿಯಾದರೆ "ನನ್ನೊಳಗೆ ನಾನೇ ಹಿಡಿಯಲ್ಲ" ಅಂತಾರೆ, ನಾವು ಹಿಗ್ಗಿ ಹೀರೇಕಾಯಿ ಆಗೋ ಹಾಗೆ. ಇದರಲ್ಲಿ ಏನೋ ದೊಡ್ಡ ವಿಷಯ ಇದೆ ಅನ್ನಿಸಿ ಎರಡು ದಿನ ಯೋಚಿಸಿದೆ.

ನಿನ್ನೆ ಸಂಜೆ ಲಿಫ್ಟ್ ಬಾಗಿಲು ತೆರೆಯಿತು. ಒಳಗೆ ಅಜ್ಜಿ, ಹುಡುಗಿ ಮತ್ತು ಅದೇ ಸೈಕಲ್. ಗಂಟಲು ಸರಿಮಾಡಿಕೊಂಡು, ಒತ್ತಕ್ಷರ ಇಲ್ಲದೆ, ಚೊಕ್ಕವಾಗಿ, "ಕೆಪೊ?" ಅಂದೆ.

"ಇಲ್ಲ" ಅಂದ ಸೈಕಲ್ಲಿನವನು. ಬಾಗಿಲು ಮುಚ್ಚಿತು. ಕೈಯಲ್ಲಿ ಹತ್ತು ಕಿಲೊ ಅಕ್ಕಿ.